ನನ್ನ ಗಂಟಲಿಗೆ ಬಂದು ಹೋದ ದನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆ ಕಂಪ್ಯೂಟರನ್ನು ಕೆಡಿಸಿದವನು ನಾನೇ. ಕೈಯಿಂದ ಮುಟ್ಟಿ ಕೆಡಿಸಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ನಾನು ಅದನ್ನು ನನ್ನ ಅಂಗಡಿಯಲ್ಲಿ ಕುಳಿತೇ, ಫೋನಿನಲ್ಲಿ, ಬಾಯಿಂದ ಕೆಡಿಸಿದೆ. ಅದೂ ನನ್ನ ದನಿಯಲ್ಲಲ್ಲ, ಒಬ್ಬ ಪುರೋಹಿತರ ದನಿಯಲ್ಲಿ.

ಹೊಸಪೇಟೆಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಹೊಟ್ಟೆಪಾಡಿಗೆ ರಿಪೇರಿ, ಚಟಕ್ಕೆ ಮಿಮಿಕ್ರಿ. ಕಂಪ್ಲಿ ಬಸ್ಸಿನ ಕಂಡಕ್ಟರು, ಸಂಡೂರಿನ ಗಣಿ ಲಾರಿಯ ಡ್ರೈವರು, ಹಂಪಿಯಲ್ಲಿ ಪ್ರವಾಸಿಗರಿಗೆ ಬಾಯಿಪಾಠದ ಇತಿಹಾಸ ಒಪ್ಪಿಸುವ ಗೈಡು, ನನ್ನ ಸ್ವಂತ ಸೋದರಮಾವ, ಯಾರನ್ನೂ ಬಿಟ್ಟವನಲ್ಲ. ನನ್ನನ್ನೇ ನಾನು ಮಾಡಿ ತೋರಿಸುವುದೂ ಉಂಟು. ಗಿರಾಕಿಗಳಿಗೆ "ಇನ್ನ ಹತ್ತ ನಿಮಿಷ್ರೀ" ಎಂದು ಸುಳ್ಳು ಹೇಳುವಾಗ ನನ್ನ ದನಿ ಬಾಗಿಲ ಸಂದಿಗೆ ಸಿಕ್ಕ ಬೆಕ್ಕಿನ ಹಾಗೆ ಕೀರಲಾಗುತ್ತದೆ. ಅದನ್ನು ಮಾಡಿದರೆ ಅಕ್ಕಪಕ್ಕದ ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಮೈಮೇಲೆ ದೇವರು ಬಂದವರ ದನಿಯನ್ನೂ ಒಮ್ಮೆ ಮನೆಯಲ್ಲಿ ಮಾಡಿ ತೋರಿಸಿದ್ದೆ. ಅಜ್ಜಿ ಕೈಯಲ್ಲಿದ್ದ ಎಲೆಅಡಿಕೆ ಕೆಳಗಿಟ್ಟು ಬೈದಿದ್ದಳು. "ಗೊತ್ತಿಲ್ಲದ ದನಿ ಕರಿಬ್ಯಾಡಲೇ. ಬಂದು ಕುಂತ್ರ ಏನ್ ಮಾಡ್ತಿ?" ನಾನು ಆ ಬೈಗಳನ್ನೂ ಅವಳ ದನಿಯಲ್ಲೇ ಹೇಳಿ ತೋರಿಸಿದೆ. ದನಿ ಎಂದರೆ ಗಂಟಲು, ಮೂಗು, ನಾಲಿಗೆ, ಒಂದಿಷ್ಟು ಅಭ್ಯಾಸ, ಅದರಾಚೆಗೆ ಏನೂ ಇಲ್ಲ ಎಂದು ನಂಬಿದ್ದವನು ನಾನು. ಈಗಲೂ ಹಾಗೆಯೇ ನಂಬಿದ್ದೇನೆ ಎಂದು ಬರೆಯಲು ಧೈರ್ಯವಿಲ್ಲ, ನಂಬಿಕೆ ಹೋಯಿತು ಎಂದು ಬರೆಯಲೂ ಧೈರ್ಯವಿಲ್ಲ. ನಡೆದದ್ದನ್ನು ಬರೆಯುತ್ತೇನೆ, ನೀವೇ ನೋಡಿ.

ಮೂರು ವರ್ಷದ ಹಿಂದಿನ ಆಯುಧಪೂಜೆಯ ದಿನ. ಅಂಗಡಿಯ ಪೂಜೆ ಮುಗಿದಿತ್ತು, ಕುಂಬಳಕಾಯಿ ಒಡೆದಾಗಿತ್ತು. ಪಕ್ಕದ ಅಂಗಡಿಯವರೆಲ್ಲ ಮಂಡಕ್ಕಿ ತಿನ್ನುತ್ತ ನನ್ನ ಸುತ್ತ ಕುಳಿತಿದ್ದರು. ನಾನು ಆಗಷ್ಟೇ ಪೂಜೆ ಮುಗಿಸಿ ಹೋದ ಪುರೋಹಿತರ ದನಿ ಮಾಡುತ್ತಿದ್ದೆ. ಅಷ್ಟರಲ್ಲಿ ಟಿ.ಬಿ. ಡ್ಯಾಂನಿಂದ, ಅಂದರೆ ತುಂಗಭದ್ರಾ ಅಣೆಕಟ್ಟಿನ ಕಡೆಯಿಂದ, ಶಾರದಾ ಟೀಚರ ಫೋನು ಬಂತು. ಅವರು ಕಂಪ್ಲಿಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ, ಡ್ಯಾಂ ಹತ್ತಿರ ತಾಯಿ ಗಂಗಮ್ಮನವರ ಜೊತೆ ಇರುತ್ತಾರೆ. ಹಿಂದೊಮ್ಮೆ ನನ್ನ ಅಂಗಡಿಯಿಂದ ಒಂದು ಕೀಬೋರ್ಡ್ ಒಯ್ದಿದ್ದರು. ನನಗೂ ಅವರಿಗೂ ಇದ್ದದ್ದು ಅಷ್ಟೇ ಪರಿಚಯ.

"ಅಣ್ಣಾ, ಕಂಪ್ಯೂಟರ್ ಬೆಳಿಗ್ಗಿಂದ ಅಪ್‌ಡೇಟ್ ಆಗಾಕತ್ತೈತ್ರಿ. ಇಪ್ಪತ್ತೇಳು ಪರ್ಸೆಂಟಿಗೆ ಬಂದು ನಿಂತುಬಿಟ್ಟೈತಿ. ಆಫ್ ಮಾಡಬ್ಯಾಡ್ರಿ ಅಂತ ಪರದಿ ಮ್ಯಾಲೆ ಬರ್ದೈತಿ. ಇಲ್ಲಿ ನೋಡಿದ್ರ ಅಮ್ಮ ಆರತಿ ಹಿಡ್ಕಂಡು ನಿಂತಾಳ, ಆಫ್ ಮಾಡು ಅಂತಾಳ. ಏನ್ ಮಾಡ್ಲಿ?"

ನಮ್ಮ ಕಡೆಯ ಪದ್ಧತಿ ಅದು. ವರ್ಷವೆಲ್ಲ ದುಡಿಯುವ ವಸ್ತುವಿಗೆ ಆಯುಧಪೂಜೆಯ ದಿನ ವಿಶ್ರಾಂತಿ. ಬೈಕಾಗಲಿ, ಹೊಲಿಗೆ ಯಂತ್ರವಾಗಲಿ, ಕುಡುಗೋಲಾಗಲಿ, ತೊಳೆದು ಒರೆಸಿ ಕುಂಕುಮ ಹಚ್ಚಿ ಹೂವಿಟ್ಟ ಮೇಲೆ ಮರುದಿನ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಓಡುತ್ತಿರುವ ಯಂತ್ರಕ್ಕೆ ಪೂಜೆ ಮಾಡುವುದೂ ಇಲ್ಲ. ಹೀಗಾಗಿ ಟೀಚರು ಎರಡು ಅಪ್ಪಣೆಗಳ ನಡುವೆ ಸಿಕ್ಕಿಕೊಂಡಿದ್ದರು. ಪರದೆಯದೊಂದು, ಅಮ್ಮನದೊಂದು.

ನಾನು ಹೇಳಬೇಕಾಗಿದ್ದದ್ದು, "ಕಾಯ್ರಿ, ಮುಟ್ಟಬ್ಯಾಡ್ರಿ" ಎಂಬ ಎರಡೇ ಮಾತು. ಆದರೆ ಸುತ್ತ ಎಂಟು ಜನ ನಗಲು ಕಾದು ಕುಳಿತಿದ್ದರಲ್ಲ! ಮೂಗಿನಿಂದ ಮಂತ್ರದ ಧಾಟಿ ಹಿಡಿದು, "ಸ್ವಿಚ್ಚು ಆರಿಸಿ, ಕುಂಕುಮ ಏರಿಸಿ, ನಾಳೆ ಬೆಳಿಗ್ಗೆ ತೆರೆದರೆ ಸರ್ವಂ ಶುಭಂ" ಎಂದೆ. ಇಲ್ಲಿ ಎಲ್ಲರೂ ನಕ್ಕರು, ಅಲ್ಲಿ ಟೀಚರೂ ನಕ್ಕರು. ನಕ್ಕು, ನಾನು ಹೇಳಿದ ಹಾಗೆಯೇ ಗೋಡೆಯ ಸ್ವಿಚ್ಚು ಆರಿಸಿದರು.

ಮರುದಿನ, ಬನ್ನಿ ಹಂಚುವ ದಿನ, ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಫೋನು. ಈ ಸಲ ಅವರ ದನಿಯಲ್ಲಿ ನಗುವಿರಲಿಲ್ಲ. ಕಂಪ್ಯೂಟರ್ ಹಚ್ಚಿದರೆ 'ಬದಲಾವಣೆಗಳನ್ನು ಹಿಂದಕ್ಕೆ ತೆಗೆಯಲಾಗುತ್ತಿದೆ' ಎನ್ನುತ್ತದಂತೆ, ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದಂತೆ, ಮತ್ತೆ ತಾನೇ ಹತ್ತಿಕೊಂಡು ಅದನ್ನೇ ಹೇಳುತ್ತದಂತೆ. "ಅಪ್ಪಂದೆಲ್ಲಾ ಅದರಾಗ ಐತಿ ಅಣ್ಣಾ. ಬ್ಯಾರೆ ಎಲ್ಲೂ ಇಲ್ಲ" ಎಂದರು. ನಾನು ಪೆನ್‌ಡ್ರೈವು, ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಂಡು ಡ್ಯಾಂ ಬಸ್ಸು ಹತ್ತಿದೆ.

ಅವರ ಮನೆಯ ಹೊರಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಮೇಜು, ಅದರ ಮುಂದೆ ಪ್ಲಾಸ್ಟಿಕ್ ಪಟ್ಟಿ ಹೆಣೆದ ಒಂದು ಹಳೆಯ ಕುರ್ಚಿ. ಮೇಜಿನ ಮೇಲೆ ಕಂಪ್ಯೂಟರು ಮದುಮಗನ ಹಾಗೆ ಕೂತಿತ್ತು. ಹಣೆಗೆ ಕುಂಕುಮ, ತಲೆಗೆ ಚೆಂಡುಹೂವು. ಗಾಳಿಯಾಡುವ ತೂತುಗಳಲ್ಲೂ ಹೂವಿನ ಎಸಳು. ಟೀಚರು ಚಹಾ ಕೊಟ್ಟು, ಅದರೊಳಗೆ ಏನಿದೆ ಎಂದು ಹೇಳಿದರು.

ಅವರ ತಂದೆ ಹುಲುಗಪ್ಪ ಡ್ಯಾಂನಲ್ಲಿ ಕೆಲಸಕ್ಕಿದ್ದವರು, ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರ ಹಿರಿಯರ ಊರು ಇದೇ ಡ್ಯಾಂನ ನೀರಿನಡಿ ಹೋಗಿದೆ. ಹುಲುಗಪ್ಪನವರು ಹುಟ್ಟುವ ಹೊತ್ತಿಗೆ ಊರು ಮುಳುಗಿಯಾಗಿತ್ತು. ಅದನ್ನು ಅವರು ಕಣ್ಣಿನಿಂದ ಕಂಡವರೇ ಅಲ್ಲ. ನಿವೃತ್ತಿಗೆ ಮೊದಲೂ ಆಮೇಲೂ ಸೇರಿ ಹತ್ತು ವರ್ಷ, ಆ ಊರಿನಿಂದ ಎದ್ದುಹೋದ ಮುದುಕ ಮುದುಕಿಯರನ್ನು ಹುಡುಕಿಕೊಂಡು ಹೋಗಿ, ಯಾರ ಮನೆ ಎಲ್ಲಿತ್ತು, ಬಾವಿ ಎಲ್ಲಿತ್ತು, ಯಾವ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು ಎಂದು ಕೇಳಿ, ಅವರ ಮಾತು ರೆಕಾರ್ಡು ಮಾಡಿಕೊಂಡು, ಮನೆಗೆ ಬಂದು ಊರಿನ ನಕ್ಷೆ ಬರೆದಿದ್ದರು. ಹೇಳಿದವರಲ್ಲಿ ಅರ್ಧ ಜನ ಈಗಿಲ್ಲ. ಇನ್ನೊಮ್ಮೆ ಹೋಗಿ ಕೇಳುವ ಹಾಗಿಲ್ಲ.

"ಇದೂ ಹೋದ್ರ ನಮ್ಮೂರು ಎರಡನೇ ಸಲ ಮುಳುಗಿದಂಗ, ಅಣ್ಣಾ" ಎಂದರು ಟೀಚರು. ಹಿಂದಿನ ದಿನದ ನನ್ನ ಪುರೋಹಿತರ ದನಿ ನೆನಪಾಗಿ ಚಹಾದ ಲೋಟ ಕೆಳಗಿಟ್ಟೆ. ಅವರು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೆಲಸ ಶುರು ಮಾಡಿದೆ. ಮೊದಲು ಎರಡು ತಾಸು ಸುಮ್ಮನೆ ಬಿಟ್ಟೆ, ತಾನೇ ಸರಿಹೋದೀತು ಎಂದು. ಹೋಗಲಿಲ್ಲ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಕಿತ್ತುಹಾಕಲು ನೋಡಿದೆ, ಬಿಡಲಿಲ್ಲ. ಹಳೆಯ ಸ್ಥಿತಿಗೆ ಮರಳಿಸಲು ನೋಡಿದೆ, ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಉಳಿದದ್ದು ಒಂದೇ ದಾರಿ. ಒಳಗಿನ ಕಡತಗಳನ್ನು ಹೊರಗೆ ತೆಗೆದಿಟ್ಟುಕೊಂಡು, ಡಿಸ್ಕು ಪೂರ್ತಿ ಅಳಿಸಿ, ಸಿಸ್ಟಮ್ಮನ್ನು ಹೊಸದಾಗಿ ಹಾಕುವುದು. ನನ್ನ ಪೆನ್‌ಡ್ರೈವಿನಿಂದ ಕಂಪ್ಯೂಟರನ್ನು ಎಬ್ಬಿಸಿ ಒಳಗೆ ಹುಡುಕಿದೆ. ಪರದೆಯ ಮೇಲಿನ ಹೆಸರುಗಳಲ್ಲಿ 'ಊರು' ಎಂಬುದೊಂದು ಸಿಕ್ಕಿತು. ಅದನ್ನು ಹಿಡಿದು ಪೆನ್‌ಡ್ರೈವಿಗೆ ಕಾಪಿ ಮಾಡಿದೆ. ಕಣ್ಣು ಮಿಟುಕಿಸುವುದರೊಳಗೆ ಆಯಿತು.

ಹತ್ತು ವರ್ಷದ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಕಾಪಿ ಆದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. "ಸಿಕ್ತು ಟೀಚರ್! ಊರು ನನ್ನ ಕೈಯಾಗೈತಿ" ಎಂದು ಪೆನ್‌ಡ್ರೈವಿದ್ದ ಕಡೆ ಬೆರಳು ತೋರಿಸಿದೆ. ಅವರು ಅಡುಗೆಮನೆಗೆ ಓಡಿಹೋಗಿ ತಾಯಿಗೆ ಹೇಳಿ ಬಂದು, ನನ್ನ ಹಿಂದೆ ಗೋಡೆಗೆ ಒರಗಿ ನಿಂತರು. ಒಳಗೆ ಗಂಗಮ್ಮ ಹೋಳಿಗೆ ಮಾಡುತ್ತಿದ್ದರು. ಬೆಳಗಿನಿಂದ ಅವರು ನನ್ನ ಎದುರಿಗೆ ಬಂದಿರಲಿಲ್ಲ.

ಎದೆ ಹಗುರಾದದ್ದೇ ತಡ, ನನ್ನ ನಾಲಿಗೆಗೆ ಮತ್ತೆ ತುರಿಕೆ ಶುರುವಾಯಿತು. ಕಂಪ್ಯೂಟರು ಮುಂದಿನ ಪರದೆಗೆ ಬರಲು ತೂಕಡಿಸುತ್ತಿತ್ತು. ಅದನ್ನು ಗದರಿಸಬೇಕೆನಿಸಿತು. ಯಾರ ದನಿಯಲ್ಲಿ? ಗೊತ್ತಿದ್ದ ಯಾರದೂ ಅಲ್ಲ. ಡ್ಯಾಂನಲ್ಲಿ ಕೆಲಸ ಮಾಡಿ ಮನೆಗೆ ಬಂದ ಹಿರಿಯರೊಬ್ಬರು ಹೇಗೆ ಮಾತಾಡಬಹುದು ಎಂದು ಆ ಕ್ಷಣಕ್ಕೆ ತೋಚಿದ್ದು. ಎರಡು ಒಣ ಕೆಮ್ಮು ಕೆಮ್ಮಿ, ದನಿ ತಗ್ಗಿಸಿ, ಮಾತಿನ ಕೊನೆಯನ್ನು ಸ್ವಲ್ಪ ಎಳೆದು, "ಏ, ಕೇಳಿಸ್ತೇನೂ? ಹಬ್ಬ ಮುಗೀತು, ಏಳು" ಎಂದೆ.

"ಬಂದ್ನಿ, ತಡೀರಿ! ಕೈಯೆಲ್ಲಾ ಹಿಟ್ಟಾಗೈತಿ" ಎಂದು ಅಡುಗೆಮನೆಯಿಂದ ಉತ್ತರ ಬಂತು.

ಹಿಂದೆಯೇ ಪಾತ್ರೆಯೊಂದು ನೆಲಕ್ಕೆ ಬಿದ್ದು ಉರುಳಿದ ಸದ್ದು. ನಾನು ತಿರುಗಿ ನೋಡಿದಾಗ ಗಂಗಮ್ಮ ಬಾಗಿಲಲ್ಲಿ ನಿಂತಿದ್ದರು. ಹಿಟ್ಟಿನ ಎರಡೂ ಕೈ ಮುಂದಕ್ಕೆ ಚಾಚಿಕೊಂಡು, ನನ್ನ ಮುಖವನ್ನಲ್ಲ, ನಾನು ಕುಳಿತಿದ್ದ ಕುರ್ಚಿಯನ್ನು ನೋಡುತ್ತಿದ್ದರು. ಆಗ ಗೊತ್ತಾಯಿತು, ಅದು ಯಾರ ಕುರ್ಚಿ ಎಂದು.

"ನಮ್ಮಪ್ಪನ್ನ ನೀವು ಎಲ್ಲಿ ನೋಡಿದ್ರಿ?" ಟೀಚರು ಮೆಲ್ಲಗೆ ಕೇಳಿದರು.

"ನಾನು ನೋಡಿಲ್ರಿ" ಎಂದೆ. ಅದು ನನ್ನ ಕೀರಲು ದನಿಯಲ್ಲೇ ಬಂತು, ಪುಣ್ಯಕ್ಕೆ. "ಸುಮ್ನ ತಮಾಷಿಗೆ ಅಂದೆ. ತಪ್ಪಾತ್ರಿ ಅಮ್ಮಾ" ಎಂದು ಎದ್ದು ಕೈಮುಗಿದೆ. ಗಂಗಮ್ಮ ಒಳಗೆ ಹೋದರು.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಬೇಗ ಮುಗಿಸಿ ಓಡಿಹೋಗಬೇಕು ಎಂಬುದೊಂದೇ ತಲೆಯಲ್ಲಿತ್ತು. ಪರದೆಯ ಮೇಲೆ ಡಿಸ್ಕಿನ ಪಟ್ಟಿ ಬಂದಿತ್ತು. ಎರಡು ಸಾಲು, ಒಂದರ ಕೆಳಗೊಂದು. ಒಂದೇ ಡಿಸ್ಕಿನ ಎರಡು ಭಾಗ ಇರಬೇಕು ಅಂದುಕೊಂಡೆ. ಸಾಮಾನ್ಯವಾಗಿ ಸಿಸ್ಟಮ್ ಇರುವುದು ಮೊದಲನೆಯದರಲ್ಲಿ. ಮೇಲಿನ ಸಾಲು ಆರಿಸಿ 'ಅಳಿಸು' ಎಂದು ಕೊಟ್ಟೆ. ಇದರಲ್ಲಿರುವುದೆಲ್ಲ ಹೋಗುತ್ತದೆ, ಖಚಿತವೇ ಎಂದು ಅದು ಕೇಳಿತು. ಅದು ಯಾವಾಗಲೂ ಕೇಳುತ್ತದೆ, ನಾನು ಯಾವಾಗಲೂ ಹೌದು ಎನ್ನುತ್ತೇನೆ. ಬೆರಳು ಗುಂಡಿಯ ಮೇಲೆ ಇಟ್ಟಿದ್ದೆ.

ಆಗ ನನ್ನ ಬಾಯಿ ತೆರೆಯಿತು. ನಾನು ಬಾಯಿ ತೆರೆದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಎರಡು ಒಣ ಕೆಮ್ಮು ಬಂತು. ಆಮೇಲೆ ಮಾತು ಬಂತು.

"ತಡಿ. ಮ್ಯಾಲಿಂದಲ್ಲಾ. ಕೆಳಗಿಂದು."

ಇದನ್ನು ಓದುವ ನಿಮಗೆ ಅಂಥ ಭಯವೇನೂ ಆಗಲಿಕ್ಕಿಲ್ಲ. ಮೂರೇ ಮೂರು ತುಂಡು ಮಾತು, ಬೈಗಳೂ ಅಲ್ಲ, ಶಾಪವೂ ಅಲ್ಲ. ಆದರೆ ದನಿ ಬದಲಿಸುವುದು ನನ್ನ ಹಳೆಯ ಚಟ. ಬದಲಿಸುವ ಮುಂಚೆ ಉಸಿರು ಎಳೆದುಕೊಳ್ಳಬೇಕು, ಗಂಟಲು ಬಿಗಿಯಬೇಕು, ನಾಲಿಗೆಯ ಬುಡ ಎತ್ತಬೇಕು. ಬೈಕ್ ಓಡಿಸುವವನಿಗೆ ಗೇರು ಗೊತ್ತಾಗುವ ಹಾಗೆ ನನಗೆ ಅವೆಲ್ಲ ಗೊತ್ತಾಗುತ್ತವೆ. ಆಗ ಅದರಲ್ಲಿ ಒಂದೂ ಆಗಲಿಲ್ಲ. ಗಂಟಲು ನಿದ್ದೆಯಲ್ಲಿದ್ದಷ್ಟು ಸಡಿಲವಾಗಿತ್ತು. ಒಳಗಿಂದ ಯಾರೋ ಬಂದು ನನ್ನನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಹೇಳುವುದನ್ನು ಹೇಳಿ ಹೋದ ಹಾಗೆ. ಅಂಗೈ ಬೆವೆತು ಮೌಸು ಒದ್ದೆಯಾಯಿತು. ಕುರ್ಚಿಯಿಂದ ಏಳಬೇಕು ಅನಿಸಿತು, ಎದ್ದರೆ ಹಿಂದೆ ಯಾರು ಕಾಣುತ್ತಾರೋ ಎಂದು ಏಳಲಿಲ್ಲ.

ಟೀಚರು ಮುಂದೆ ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಾರೆಂದು ಕುರ್ಚಿ ಅಲುಗಿದ್ದರಿಂದ ತಿಳಿಯಿತು. ಅಡುಗೆಮನೆಯ ಕಡೆಯಿಂದ ಈ ಸಲ ಉತ್ತರ ಬರಲಿಲ್ಲ. ಬರಬಾರದು ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಬೆರಳನ್ನು ಗುಂಡಿಯಿಂದ ತೆಗೆದೆ. 'ಬೇಡ' ಎಂದು ಕೊಟ್ಟು, ಕಂಪ್ಯೂಟರ್ ಆರಿಸಿ, ಪಕ್ಕದ ಮುಚ್ಚಳ ಬಿಚ್ಚಲು ಕುಳಿತೆ. ಸ್ಕ್ರೂ ಎರಡು ಸಲ ಕೈಜಾರಿ ಬಿತ್ತು. ಮುಚ್ಚಳ ತೆಗೆದು ನೋಡಿದರೆ ಒಳಗೆ ಒಂದಲ್ಲ, ಎರಡು ಡಿಸ್ಕು. ಒಂದರ ಬೆನ್ನಿಗೆ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ತುಂಡು ಅಂಟಿಸಿತ್ತು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ, ಗುಂಡಗಿನ ಅಕ್ಷರದಲ್ಲಿ, 'ಊರು' ಎಂದು ಬರೆದಿತ್ತು. "ಅಪ್ಪಂದ ಅಕ್ಷರ" ಎಂದರು ಟೀಚರು.

ನಾನು ಕಾಪಿ ಮಾಡಿಕೊಂಡದ್ದು ಊರಲ್ಲ, ಊರು ಅಲ್ಲಿದೆ ಎಂದು ಕೈ ತೋರಿಸುವ ಒಂದು ಬರಿಯ ಗುರುತು, ಶಾರ್ಟ್‌ಕಟ್ ಅನ್ನುತ್ತೇವಲ್ಲ, ಅದು. ಅದಕ್ಕೇ ಕಣ್ಣು ಮಿಟುಕಿಸುವುದರೊಳಗೆ ಬಂದಿತ್ತು. ನಿಜವಾದ ಊರು, ಮನೆ, ಬಾವಿ, ಮುದುಕರ ಮಾತು, ಎಲ್ಲವೂ ಈ ಪಟ್ಟಿ ಅಂಟಿಸಿದ ಡಿಸ್ಕಿನಲ್ಲಿತ್ತು. ಪರದೆಯಲ್ಲಿ ಮೇಲಿನ ಸಾಲಾಗಿ ಕಂಡದ್ದು ಅದೇ. ನಾನು ಅಳಿಸಹೊರಟಿದ್ದದ್ದೂ ಅದನ್ನೇ.

ಆ ಡಿಸ್ಕನ್ನು ಬಿಚ್ಚಿ ಟೀಚರ ಕೈಗೆ ಕೊಟ್ಟೆ. ಅವರು ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತರು. ಉಳಿದದ್ದನ್ನು ಅಳಿಸಿ ಹೊಸ ಸಿಸ್ಟಮ್ ಹಾಕಿದೆ. ಅಷ್ಟೂ ಹೊತ್ತು ತುಟಿ ಬಿಗಿದುಕೊಂಡೇ ಇದ್ದೆ. ಟೀಚರು "ಆತೇನು ಅಣ್ಣಾ?" ಎಂದರೆ ತಲೆಯಾಡಿಸಿದೆ. ಎಲ್ಲ ಮುಗಿದ ಮೇಲೆ ಊರಿನ ಡಿಸ್ಕು ಜೋಡಿಸಿದೆ. ಸರಿಯಿದೆಯೋ ನೋಡೋಣವೆಂದು ಟೀಚರು ಒಂದು ರೆಕಾರ್ಡು ಹಚ್ಚಿದರು.

ಒಬ್ಬ ಮುದುಕಿ ಯಾವುದೋ ಸೀನೀರು ಬಾವಿಯ ವಿಷಯ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ತಡವರಿಸಿದಳು. ಎರಡು ಒಣ ಕೆಮ್ಮು ಕೇಳಿಸಿತು. "ಬಾವಿ ಯಾವ ಕಡಿಗಿತ್ತು, ಅಮ್ಮಾ?" ಎಂದು ಒಬ್ಬ ಗಂಡಸಿನ ದನಿ ಕೇಳಿತು.

ನನ್ನ ಬಾಯಿಂದ ಬಂದ ದನಿ ಅದು. ಅದರಂಥ ದನಿ ಎಂದು ನಾನು ಹೇಳುವುದಿಲ್ಲ. 'ಅದರಂಥ' ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು, ಜೀವನವೆಲ್ಲ ಅದನ್ನೇ ಮಾಡಿಕೊಂಡು ಬಂದವನು. ಇದು ಅದೇ ದನಿ. ಮಾತಿನ ಕೊನೆಯನ್ನು ಒಂದಿಷ್ಟು ಎಳೆಯುವುದು ಕೂಡ ಅದೇ.

ಗಂಗಮ್ಮ ಹೋಳಿಗೆಯ ತಟ್ಟೆ ತಂದಿಟ್ಟರು. ಮುಟ್ಟದೆ ಎದ್ದು ಬಂದೆ. ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗ್ರೀ?" ಎಂದಾಗ ಬಾಯಿ ತೆರೆಯಲು ಭಯವಾಗಿ, ಹೊಸಪೇಟೆಯ ದಿಕ್ಕಿಗೆ ಕೈ ತೋರಿಸಿದೆ. ಪಾಪ, ಮೂಗನಿರಬೇಕು ಎಂದುಕೊಂಡು ಆತ ಭುಜ ತಟ್ಟಿ ಕೂರಲು ಜಾಗ ಮಾಡಿಕೊಟ್ಟ. ಸಾವಿರ ಸಲ ನಾನು ಗೇಲಿ ಮಾಡಿದ ಕಂಡಕ್ಟರುಗಳ ಕುಲದವನು! ಮನೆಯಲ್ಲೂ ಯಾರೊಂದಿಗೂ ಮಾತಾಡಲಿಲ್ಲ. ಬಾಯಿ ತೆರೆದರೆ ಯಾರು ಮಾತಾಡುತ್ತಾರೋ ಎಂಬ ಭಯ. ಮರುದಿನ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, "ಇನ್ನ ಹತ್ತ ನಿಮಿಷ್ರೀ" ಎಂದು ಮೆಲ್ಲಗೆ ಹೇಳಿ ನೋಡಿದೆ. ಬಾಗಿಲ ಸಂದಿಯ ಬೆಕ್ಕು ಮರಳಿ ಬಂದಿತ್ತು. ಅಳು ಬರುವಷ್ಟು ಖುಷಿಯಾಯಿತು.

ಆಮೇಲೆ ಲೆಕ್ಕವಿಲ್ಲದಷ್ಟು ಸಲ ಯೋಚಿಸಿದ್ದೇನೆ. ಎರಡು ಸಾಲಿನಲ್ಲಿದ್ದ ಡಿಸ್ಕಿನ ಅಳತೆ ಬೇರೆ ಬೇರೆ ಇದ್ದದ್ದನ್ನು ನನ್ನ ಕಣ್ಣು ನೋಡಿರಬಹುದು, ಬುದ್ಧಿ ಗಮನಿಸಿರಲಿಕ್ಕಿಲ್ಲ. ಹುಲುಗಪ್ಪನವರ ದನಿಯನ್ನು ನಾನು ಡ್ಯಾಂ ನೋಡಲು ಹೋದಾಗಲೋ, ಬಸ್ಸಿನಲ್ಲೋ ಎಂದೋ ಕೇಳಿರಬಹುದು. ಕಂಡಕಂಡವರ ದನಿ ಕದಿಯುವವನು, ಯಾರದನ್ನು ಎಲ್ಲಿ ಕದ್ದೆ ಎಂದು ನೆನಪಿಟ್ಟುಕೊಂಡವನೇನಲ್ಲ. ಎರಡೂ ನಿಜವಿರಬಹುದು. ಹಾಗಾದರೆ ಕದ್ದ ಮಾಲು ಮತ್ತೆ ಕೈಗೆ ಸಿಗಬೇಕಲ್ಲ? ಅಂಗಡಿಯ ಶಟರ್ ಎಳೆದುಕೊಂಡು ಎಷ್ಟು ಸಲ ಪ್ರಯತ್ನಿಸಿದ್ದೇನೋ. ಎರಡು ಕೆಮ್ಮು ಬರುತ್ತದೆ, ಆಮೇಲೆ ನನ್ನದೇ ದನಿ. ಪುರೋಹಿತರು ಬರುತ್ತಾರೆ, ಗೈಡು ಬರುತ್ತಾನೆ, ಮಾವ ಬರುತ್ತಾನೆ. ಆ ಒಂದು ದನಿ ಬರುವುದಿಲ್ಲ.

ಮುಂದಿನ ವರ್ಷ ಬನ್ನಿ ಹಂಚುವ ದಿನ ಧೈರ್ಯ ಮಾಡಿ ಆ ಮನೆಗೆ ಹೋದೆ. ಟೀಚರು ಊರನ್ನು ಮೂರು ಕಡೆ ಕಾಪಿ ಮಾಡಿಟ್ಟಿದ್ದರು, ಅದನ್ನು ತೋರಿಸಿದರು. ಗಂಗಮ್ಮ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಬನ್ನಿ ಎಲೆ ಅವರ ಕೈಗಿಟ್ಟು ಕಾಲು ಮುಟ್ಟಿದೆ. ವರ್ಷದಿಂದ ಎದೆಯಲ್ಲಿದ್ದದ್ದನ್ನೆಲ್ಲ, ಪುರೋಹಿತರ ದನಿಯಿಂದ ಹಿಡಿದು ಗುಂಡಿಯ ಮೇಲಿನ ಬೆರಳಿನವರೆಗೆ, ಬಾಯಿಬಿಟ್ಟು ಹೇಳಿದೆ.

"ಅವತ್ತು ಮಾತಾಡಿದ್ದು ನಾನ ಹೌದೋ ಅಲ್ಲೋ ನನಗ ಗೊತ್ತಾಗವಲ್ದು ಅಮ್ಮಾ. ನಾನ ಆಗಿದ್ರ ಆ ದನಿ ಇನ್ನೊಮ್ಮೆ ಬರಬೇಕಲ್ಲ? ವರ್ಷದಿಂದ ಮಾಡಿ ಮಾಡಿ ನೋಡೀನಿ, ಬರವಲ್ದು."

ಗಂಗಮ್ಮ ಬನ್ನಿ ಎಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ದಡ್ಡ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಹೆಂಗ ಬರ್ತದೋ ತಮ್ಮಾ? ಅವರು ಏನಿದ್ರೂ ಒಂದ ಸಲ ಹೇಳೋ ಮನುಷ್ಯಾರು. ಇನ್ನೊಮ್ಮೆ ಹೇಳ್ರಿ ಅಂದ್ರ ಕಟ್ಟಿಕೊಂಡ ನನಗ ಹೇಳ್ತಿದ್ದಿಲ್ಲ, ನಿನಗ ಹೇಳ್ತಾರೇನು?"